ಖಾಲಿ ತಕ್ಕಡಿಯಿಂದ ಶುರು: ನಿಧಾನವಾದ ಕರ್ನಲ್‌ನಲ್ಲಿ ಕಾರಣ ಹುಡುಕುವ ಬಗೆ

“ಹೊಸ ಕರ್ನಲ್ ಹಾಕಿದ ಮೇಲೆ ಸರ್ವರ್ ನಿಧಾನವಾಗಿದೆ, ಸ್ವಲ್ಪ ನೋಡಿ ಮೇಡಂ.” ಲಿನಕ್ಸ್ ಕರ್ನಲ್‌ನ, ಅಂದರೆ ಆ ಕಾರ್ಯವ್ಯವಸ್ಥೆಯ ತಿರುಳಿನ, ವೇಗವನ್ನು ಕಾಯುವುದೇ ನನ್ನ ಕೆಲಸ. ಹೀಗಾಗಿ ಇಂಥ ಒಂದು ಸಾಲಿನ ದೂರುಗಳು ನನಗೆ ಬರುತ್ತಲೇ ಇರುತ್ತವೆ. ಕರ್ನಲ್ ಕುಸಿದು ಬಿದ್ದರೆ ಅದೇ ತನ್ನ ಕಥೆ ಹೇಳಿಬಿಡುತ್ತದೆ. ಯಾವ ಫಂಕ್ಷನ್‌ನಲ್ಲಿ ಎಡವಿತು, ಅದನ್ನು ಕರೆದದ್ದು ಯಾವುದು ಎಂಬ ಪಟ್ಟಿ ಲಾಗ್‌ನಲ್ಲಿ ಬಿದ್ದಿರುತ್ತದೆ. ನಿಧಾನವಾದ ಕರ್ನಲ್ ಬಾಯಿ ಬಿಡುವುದಿಲ್ಲ. ಪರೀಕ್ಷೆಗಳೆಲ್ಲ ಪಾಸಾಗುತ್ತವೆ, ಲಾಗ್ ಸ್ವಚ್ಛವಾಗಿರುತ್ತದೆ, ಉತ್ತರಗಳೂ ಸರಿಯಾಗಿಯೇ ಬರುತ್ತವೆ. ತಡವಾಗಿ ಬರುತ್ತವೆ, ಅಷ್ಟೆ. ಅದರ ಬಾಯಿ ಬಿಡಿಸಲು ನಾನು ಅನುಸರಿಸುವ ಕ್ರಮವನ್ನು ಇಲ್ಲಿ ಬರೆದಿದ್ದೇನೆ. ಗಿಟ್ ಗೊತ್ತಿದ್ದು, ಒಮ್ಮೆಯಾದರೂ ಕರ್ನಲ್ ಬಿಲ್ಡ್ ಮಾಡಿ ಬೂಟ್ ಮಾಡಿದ್ದರೆ ಓದುವವರಿಗೆ ಅಷ್ಟು ಸಾಕು.

ದೂರನ್ನು ಅಂಕಿಗೆ ಇಳಿಸಿ

ಯಾವ ಕೆಲಸ ನಿಧಾನವಾಯಿತು? ಮೊದಲು ಎಷ್ಟು ಹೊತ್ತು ಹಿಡಿಯುತ್ತಿತ್ತು, ಈಗ ಎಷ್ಟು? ಯಾವ ಕರ್ನಲ್‌ನಿಂದ ಯಾವುದಕ್ಕೆ ಬಂದಿರಿ? ಇವಕ್ಕೆ ಉತ್ತರ ಸಿಗುವವರೆಗೆ ನಾನು ಕೋಡ್ ತೆರೆಯುವುದೇ ಇಲ್ಲ. ಉತ್ತರ ಸಿಕ್ಕ ಮೇಲೆ ಆ ದೊಡ್ಡ ಕೆಲಸವನ್ನು ಎರಡು ನಿಮಿಷದೊಳಗೆ ಮುಗಿಯುವ ಪುಟ್ಟ ಪರೀಕ್ಷೆಯಾಗಿ ಕುಗ್ಗಿಸಬೇಕು, ಏಕೆಂದರೆ ಮುಂದೆ ಅದನ್ನು ನೂರಾರು ಸಲ ಓಡಿಸುವುದಿದೆ. ಸಿದ್ಧ ಪರೀಕ್ಷೆಗಳೂ ಇವೆ: ಯಾವ ಕೆಲಸಕ್ಕೆ ಯಾವಾಗ ಸಿಪಿಯು ಎಂದು ನಿರ್ಧರಿಸುವ ಶೆಡ್ಯೂಲರ್ ಮೇಲೆ ಅನುಮಾನವಿದ್ದರೆ ಹ್ಯಾಕ್‌ಬೆಂಚ್, ಡಿಸ್ಕ್ ಮೇಲಿದ್ದರೆ ಎಫ್ಐಒ, ಹೆಚ್ಚು ಕೋರ್‌ಗಳಲ್ಲಿ ಸಿಸ್ಟಮ್ ಕಾಲ್‌ಗಳು (ಪ್ರೋಗ್ರಾಮ್‌ಗಳು ಕರ್ನಲ್‌ಗೆ ಇಡುವ ಬೇಡಿಕೆಗಳು) ಸೋಲುತ್ತಿದ್ದರೆ ವಿಲ್-ಇಟ್-ಸ್ಕೇಲ್. ಒಂದು ಎಚ್ಚರಿಕೆ: ನಿಜವಾದ ಕೆಲಸದಲ್ಲಿ ಶೇ. 10ರಷ್ಟು ನಷ್ಟವಿದ್ದು ಪುಟ್ಟ ಪರೀಕ್ಷೆಯಲ್ಲಿ ಶೇ. 2 ಮಾತ್ರ ಕಂಡರೆ, ನೀವು ಬೇರೆಯದೇ ದೋಷದ ಬೆನ್ನು ಹತ್ತಿರಬಹುದು. ಪರೀಕ್ಷೆಯನ್ನು ತಿದ್ದಿ, ಎರಡೂ ಒಂದೇ ದಿಕ್ಕಿನಲ್ಲಿ, ಹತ್ತಿರದ ಪ್ರಮಾಣದಲ್ಲಿ ಬೀಳುವ ಹಾಗೆ ಮಾಡಿಕೊಳ್ಳಿ.

ಇದೇ ಹಂತದಲ್ಲಿ ಇತ್ತೀಚಿನ ಮುಖ್ಯವಾಹಿನಿ ಕರ್ನಲ್ ಮೇಲೂ ಒಮ್ಮೆ ಓಡಿಸಿ ನೋಡಿ. ಬೇರೆ ಯಾರೋ ಕಂಡು ಸರಿಪಡಿಸಿರುವ ದೋಷಕ್ಕಾಗಿ ವಾರ ಕಳೆಯುವುದು ಬೇಡ.

ಖಾಲಿ ತಕ್ಕಡಿ

ಈ ಇಡೀ ಬರಹದಲ್ಲಿ ನಾನು ಹೆಚ್ಚು ಒತ್ತಿ ಹೇಳಬೇಕಾದ ಮಾತು ಇಲ್ಲಿದೆ.

ಅಡಿಕೆ ಮಂಡಿಗೆ ಹೋದಾಗ ನನ್ನ ಅಪ್ಪ ಮೊದಲು ನೋಡುತ್ತಿದ್ದುದು ಖಾಲಿ ತಕ್ಕಡಿಯ ಮುಳ್ಳನ್ನು. ಅದು ನಡುವೆ ನಿಂತರೆ ಮಾತ್ರ ಚೀಲ ಇಳಿಸುತ್ತಿದ್ದರು. ನಮ್ಮ ಕೆಲಸದಲ್ಲಿ ಖಾಲಿ ತಕ್ಕಡಿ ಎಂದರೆ ಒಂದೇ ಕರ್ನಲ್ ಅನ್ನು ಅದರೊಂದಿಗೇ ಹೋಲಿಸುವುದು. ಹಳೆಯ, ವೇಗದ ಕರ್ನಲ್ ಅನ್ನೇ ಐದು ಸಲ ಬೂಟ್ ಮಾಡಿ. ಪ್ರತಿ ಬೂಟ್‌ನಲ್ಲಿ ಹತ್ತು ಸುತ್ತು ಓಡಿಸಿ. ಐವತ್ತೂ ಅಂಕಿಗಳನ್ನು ಬರೆದಿಡಿ.

ನನ್ನ ಟಿಪ್ಪಣಿ ಪುಸ್ತಕದ ಒಂದು ಪುಟ ಹೀಗಿದೆ. ಮೊದಲ ಬೂಟ್: ಹತ್ತೂ ಸುತ್ತುಗಳು 12.4ರಿಂದ 12.5 ಸೆಕೆಂಡ್. ಅಚ್ಚುಕಟ್ಟಾದ ಅಂಕಿಗಳು. ಎರಡನೆಯ ಬೂಟ್: 12.9ರಿಂದ 13.0. ಅವೂ ಅಚ್ಚುಕಟ್ಟೇ. ಅದೇ ಯಂತ್ರ, ಅದೇ ಕರ್ನಲ್, ಒಂದು ಅಕ್ಷರವೂ ಬದಲಾಗಿಲ್ಲ. ಆದರೂ ಶೇ. 4ರಷ್ಟು ಅಂತರ! ನಾನು ಹುಡುಕಲು ಹೊರಟಿದ್ದ ನಷ್ಟವೂ ಶೇ. 4ರ ಆಸುಪಾಸಿನದೇ. ಪ್ರತಿ ಕರ್ನಲ್ ಅನ್ನು ಒಂದೊಂದೇ ಸಲ ಬೂಟ್ ಮಾಡಿ ಹೋಲಿಸಿದ್ದರೆ ಇಲ್ಲದ ದೋಷಕ್ಕೆ ಯಾರನ್ನೋ ಹೊಣೆ ಮಾಡುತ್ತಿದ್ದೆ.

ಹೀಗೇಕಾಗುತ್ತದೆ? ಪ್ರತಿ ಬೂಟ್‌ನಲ್ಲಿ ಪ್ರೋಗ್ರಾಮ್‌ಗೆ ಸಿಗುವ ಭೌತಿಕ ಮೆಮೊರಿ ಪುಟಗಳು ಬೇರೆ ಬೇರೆ. ಸಿಪಿಯು ಪಕ್ಕದ ಪುಟ್ಟ, ವೇಗದ ಮೆಮೊರಿಗಳಾದ ಎಲ್2, ಎಲ್3 ಕ್ಯಾಶ್‌ಗಳಲ್ಲಿ ದತ್ತಾಂಶ ಎಲ್ಲಿ ಕೂರುತ್ತದೆ ಎಂಬುದು ಭೌತಿಕ ವಿಳಾಸವನ್ನು ಅವಲಂಬಿಸಿದೆ. ಒಂದು ಬೂಟ್‌ನಲ್ಲಿ ಹೆಚ್ಚು ಬಳಕೆಯ ಪುಟಗಳು ಕ್ಯಾಶ್‌ನಲ್ಲಿ ಹರಡಿ ಕೂತರೆ, ಇನ್ನೊಂದರಲ್ಲಿ ಒಂದೇ ಮೂಲೆಗೆ ನುಗ್ಗಿ ಪರಸ್ಪರ ತಳ್ಳಾಡುತ್ತವೆ. ಬೂಟ್ ಆದ ಮೇಲೆ ಆ ಏರ್ಪಾಡು ಬಹುಮಟ್ಟಿಗೆ ಹಾಗೆಯೇ ಉಳಿದುಬಿಡುವುದರಿಂದ ಹತ್ತು ಸುತ್ತೂ ಒಂದೇ ಉತ್ತರ ಹೇಳುತ್ತವೆ. ಹಾಗಾಗಿ ಹತ್ತು ಸುತ್ತುಗಳ ಒಂದು ಬೂಟ್ ಅನ್ನು ನಾನು ಒಂದೇ ಸಾಕ್ಷಿಯೆಂದು ಎಣಿಸುತ್ತೇನೆ. ಹತ್ತು ಸಾಕ್ಷಿ ಬೇಕಾದರೆ ಹತ್ತು ಬೂಟ್.

ಉಳಿದ ಏರಿಳಿತಗಳನ್ನು ತಗ್ಗಿಸುವುದು ಸುಲಭ. ಸಿಪಿಯು ಆವರ್ತನದ ಗವರ್ನರ್ ಅನ್ನು ‘ಪರ್ಫಾರ್ಮೆನ್ಸ್’ಗೆ ಇಡಿ, ಟರ್ಬೊ (ಸಿಪಿಯು ತಾನಾಗಿ ವೇಗ ಏರಿಸಿಕೊಳ್ಳುವ ಸೌಲಭ್ಯ) ಆಫ್ ಮಾಡಿ, ಮೆಮೊರಿ ಹಲವು ನೋಡ್‌ಗಳಾಗಿ ಹಂಚಿರುವ ನ್ಯೂಮಾ ಯಂತ್ರವಾದರೆ ಪರೀಕ್ಷೆಯನ್ನು ಒಂದು ನೋಡ್‌ಗೆ ಕಟ್ಟಿಹಾಕಿ, ಕರ್ನಲ್ ತನ್ನ ವಿಳಾಸವನ್ನು ಬೂಟ್‌ನಿಂದ ಬೂಟ್‌ಗೆ ಬದಲಿಸದಂತೆ ‘ನೋ-ಕೆಎಎಸ್ಎಲ್ಆರ್’ ಆಯ್ಕೆ ಕೊಡಿ, ಹಿನ್ನೆಲೆಯಲ್ಲಿ ತಾನಾಗಿ ಏಳುವ ಅಪ್‌ಡೇಟ್ ಟೈಮರ್‌ಗಳನ್ನು ನಿಲ್ಲಿಸಿ. ಇಷ್ಟಾದ ಮೇಲೂ ಉಳಿಯುವ ಏರಿಳಿತ ಎಷ್ಟೋ, ಅದೇ ನಿಮ್ಮ ತಕ್ಕಡಿಯ ಮಿತಿ. ಅದಕ್ಕಿಂತ ಚಿಕ್ಕ ನಷ್ಟವನ್ನು ಆ ಯಂತ್ರದಲ್ಲಿ ಹುಡುಕಲು ಹೋಗಬೇಡಿ.

ಕಮಿಟ್‌ಗಳ ಕಡೆ ತಿರುಗುವ ಮುನ್ನ

ಎರಡೂ ತುದಿಯ ಕರ್ನಲ್‌ಗಳನ್ನು ನೀವೇ, ಒಂದೇ ಕಂಪೈಲರ್‌ನಿಂದ, ಒಂದೇ ಕಾನ್ಫಿಗ್‌ನಿಂದ ಬಿಲ್ಡ್ ಮಾಡಿ ಅಳೆಯಿರಿ. ಅಂತರ ಮಾಯವಾದರೆ ತಪ್ಪು ಮೂಲ ಕೋಡ್‌ನಲ್ಲಿ ಇರಲಿಕ್ಕಿಲ್ಲ; ವಿತರಕರು ಸೇರಿಸಿದ ಪ್ಯಾಚ್‌ನಲ್ಲಿಯೋ ಕಾನ್ಫಿಗ್‌ನಲ್ಲಿಯೋ ಕಂಪೈಲರ್‌ನಲ್ಲಿಯೋ ಇರುತ್ತದೆ. ಎರಡು ಕಾನ್ಫಿಗ್‌ಗಳ ವ್ಯತ್ಯಾಸ ತೋರಿಸಲು ಕರ್ನಲ್ ಮೂಲದ ಸ್ಕ್ರಿಪ್ಟ್ಸ್ ಡೈರೆಕ್ಟರಿಯಲ್ಲೇ ‘ಡಿಫ್‌ಕಾನ್ಫಿಗ್’ ಎಂಬ ಪುಟ್ಟ ಉಪಕರಣವಿದೆ. ಲಾಕ್‌ಗಳನ್ನು ಪರಿಶೀಲಿಸುವ ಅಥವಾ ಮೆಮೊರಿ ದೋಷ ಹಿಡಿಯುವ ಡೀಬಗ್ ಆಯ್ಕೆಯೊಂದು ಸದ್ದಿಲ್ಲದೆ ಒಳಗೆ ಸೇರಿಕೊಂಡಿರುವುದನ್ನು ನಾನು ಅದರಿಂದ ಒಂದಕ್ಕಿಂತ ಹೆಚ್ಚು ಸಲ ಹಿಡಿದಿದ್ದೇನೆ.

ನಂತರ ಭದ್ರತೆಯ ತಡೆಗಳು, ಅಂದರೆ ಸಿಪಿಯು ದೌರ್ಬಲ್ಯಗಳನ್ನು ಮುಚ್ಚಲು ಕರ್ನಲ್ ಹಾಕುವ ರಕ್ಷಣೆಗಳು. ಸಿಸ್ ಫೈಲ್‌ಸಿಸ್ಟಮ್‌ನಲ್ಲಿ ಸಿಪಿಯು ವಿವರಗಳ ಕೆಳಗೆ ‘ವಲ್ನರಬಿಲಿಟೀಸ್’ ಎಂಬ ಡೈರೆಕ್ಟರಿ ಇದೆ. ಎರಡೂ ಕರ್ನಲ್‌ಗಳಲ್ಲಿ ಅದರ ಎಲ್ಲ ಫೈಲ್‌ಗಳನ್ನು ಓದಿ ಹೋಲಿಸಿ. 2022ರಲ್ಲಿ ಒಂದು ಸ್ಥಿರ ಸರಣಿಯ ಕರ್ನಲ್ ನವೀಕರಣದ ಬಳಿಕ ನಮ್ಮ ಹಳೆಯ ಸ್ಕೈಲೇಕ್ ಯಂತ್ರಗಳಲ್ಲಿ ಪ್ರತಿ ಸಿಸ್ಟಮ್ ಕಾಲ್ ದುಬಾರಿಯಾಯಿತು. ನಾನು ನೇರವಾಗಿ ಬೈಸೆಕ್ಟ್‌ಗೆ (ಕಮಿಟ್‌ಗಳನ್ನು ಅರ್ಧರ್ಧ ಮಾಡುತ್ತ ತಪ್ಪಿನದನ್ನು ಹುಡುಕುವ ಗಿಟ್ ವಿಧಾನ) ಕೈ ಹಾಕಿ ಎರಡು ದಿನ ಕಳೆದೆ. ಅದು ಕೊನೆಗೆ ಕರೆದೊಯ್ದದ್ದು ಆ ಜುಲೈನಲ್ಲಿ ಬಯಲಾದ ರೆಟ್‌ಬ್ಲೀಡ್ ದೌರ್ಬಲ್ಯದ ತಡೆಗೆ. ಆ ಪೀಳಿಗೆಯ ಇಂಟೆಲ್ ಚಿಪ್‌ಗಳಲ್ಲಿ ಕರ್ನಲ್ ಒಳಗೆ ಕಾಲಿಡುವಾಗಲೆಲ್ಲ ಐಬಿಆರ್ಎಸ್ ಎಂಬ ರಕ್ಷಣೆಯನ್ನು ಹಾಕಬೇಕು, ಹೊರಡುವಾಗ ತೆಗೆಯಬೇಕು, ವೆಚ್ಚವೆಲ್ಲ ಅಲ್ಲಿತ್ತು. ಆ ಡೈರೆಕ್ಟರಿಯಲ್ಲಿ ರೆಟ್‌ಬ್ಲೀಡ್ ಹೆಸರಿನ ಫೈಲ್ ತೆರೆದಿದ್ದರೆ ‘ಮಿಟಿಗೇಶನ್: ಐಬಿಆರ್ಎಸ್’ ಎಂಬ ಒಂದು ಸಾಲು ಎರಡು ದಿನವನ್ನು ಉಳಿಸುತ್ತಿತ್ತು. ಖಚಿತಪಡಿಸಿಕೊಳ್ಳಲು ಬೂಟ್ ಆಯ್ಕೆಯಲ್ಲಿ ಆ ತಡೆಯನ್ನು ಪ್ರಯೋಗಾಲಯದ ಯಂತ್ರದಲ್ಲಿ ಮಾತ್ರ ಆಫ್ ಮಾಡಿ ಅಳೆಯಿರಿ. ಗ್ರಾಹಕರ ದತ್ತಾಂಶ ಇರುವ ಯಂತ್ರದಲ್ಲಿ ದಯವಿಟ್ಟು ಆಫ್ ಮಾಡಬೇಡಿ.

ಬೈಸೆಕ್ಟ್

ಒಂದು ಬಿಡುಗಡೆಯಿಂದ ಮುಂದಿನದಕ್ಕೆ ಒಂಬತ್ತು ಹತ್ತು ವಾರ. ಅಷ್ಟರಲ್ಲಿ ಸಾಮಾನ್ಯವಾಗಿ ಹತ್ತು ಸಾವಿರಕ್ಕೂ ಹೆಚ್ಚು ಕಮಿಟ್‌ಗಳು ಸೇರುತ್ತವೆ. ಪ್ರತಿ ಹೆಜ್ಜೆಗೂ ಅರ್ಧವನ್ನು ಕೈಬಿಡುತ್ತ ಹೋದರೆ ಸುಮಾರು 14 ಹೆಜ್ಜೆ ಸಾಕು. ‘ಗುಡ್’, ‘ಬ್ಯಾಡ್’ ಪದಗಳು ವೇಗದ ಹುಡುಕಾಟದಲ್ಲಿ ಗೊಂದಲ ಹುಟ್ಟಿಸುತ್ತವೆ. ‘ಗಿಟ್ ಬೈಸೆಕ್ಟ್ ಸ್ಟಾರ್ಟ್’ ಹೇಳುವಾಗಲೇ ‘ಟರ್ಮ್-ಓಲ್ಡ್’ಗೆ ಫಾಸ್ಟ್, ‘ಟರ್ಮ್-ನ್ಯೂ’ಗೆ ಸ್ಲೋ ಎಂದು ಹೆಸರು ಕೊಟ್ಟುಬಿಡಿ. ದೋಷ ತಂದ ಕಮಿಟ್ ಬದಲು ಅದನ್ನು ಸರಿಪಡಿಸಿದ ಕಮಿಟ್ ಬೇಕಾದರೆ ಇವೆರಡನ್ನು ಅದಲುಬದಲು ಮಾಡಿದರಾಯಿತು.

ಇಲ್ಲಿ ಒಂದು ಲೆಕ್ಕ ನೋಡಿ. ಪ್ರತಿ ಹೆಜ್ಜೆಯಲ್ಲಿ ನಿಮ್ಮ ತೀರ್ಪು ಶೇ. 95ರಷ್ಟು ಸರಿ ಎಂದುಕೊಳ್ಳೋಣ. ಹದಿನಾಲ್ಕೂ ತೀರ್ಪು ಸರಿಯಾಗಿರುವ ಸಂಭವ ಶೇ. 49 ಮಾತ್ರ. ಶೇ. 99 ಸರಿಯಾದರೆ ಶೇ. 87. ಬೈಸೆಕ್ಟ್‌ನಲ್ಲಿ ಒಂದು ತಪ್ಪು ತೀರ್ಪು ಸಾಕು, ಅಲ್ಲಿಂದ ಮುಂದಿನ ಎಲ್ಲ ಹೆಜ್ಜೆಗಳೂ ಸಂಬಂಧವಿಲ್ಲದ ಕಡೆಗೆ ಹೋಗುತ್ತವೆ, ಕೊನೆಗೆ ಯಾವುದೋ ಸೌಂಡ್ ಡ್ರೈವರ್‌ನ ಕಮಿಟ್ ಕೈಗೆ ಬರುತ್ತದೆ. ಖಾಲಿ ತಕ್ಕಡಿಗೆ ಅಷ್ಟು ಹೊತ್ತು ಕೊಟ್ಟಿದ್ದು ಈ ಕಾರಣಕ್ಕೆ.

ಯಂತ್ರವನ್ನು ಹೆಜ್ಜೆಗೊಮ್ಮೆ ಬೂಟ್ ಮಾಡಬೇಕಾದುದರಿಂದ ‘ಬೈಸೆಕ್ಟ್ ರನ್’ ಅನ್ನು ಬೇರೆ ಯಂತ್ರದಿಂದ ನಡೆಸಿ. ಅಲ್ಲಿನ ಸ್ಕ್ರಿಪ್ಟ್ ಕರ್ನಲ್ ಬಿಲ್ಡ್ ಮಾಡಿ, ಪರೀಕ್ಷೆಯ ಯಂತ್ರಕ್ಕೆ ಕಳುಹಿಸಿ, ಒಂದು ಸಲಕ್ಕೆ ಮಾತ್ರ ಆ ಕರ್ನಲ್‌ನಲ್ಲಿ ಏಳುವಂತೆ ಬೂಟ್‌ಲೋಡರ್‌ಗೆ ಹೇಳಿ, ಎದ್ದ ಮೇಲೆ ಅಳೆದು ತೀರ್ಪು ಕೊಡಬೇಕು. ಸೊನ್ನೆ ಮರಳಿಸಿದರೆ ವೇಗದ್ದು, 1 ಮರಳಿಸಿದರೆ ನಿಧಾನದ್ದು, 125 ಮರಳಿಸಿದರೆ ಈ ಕಮಿಟ್ ಬಿಟ್ಟು ಮುಂದೆ ಹೋಗು ಎಂದರ್ಥ. ಬಿಲ್ಡ್ ಆಗದ, ಬೂಟ್ ಆಗದ ಕಮಿಟ್‌ಗಳಿಗೆ 125. ಅಳತೆ ಎರಡು ತುದಿಗಳ ನಡುವೆ ಎಲ್ಲೋ ಬಂದರೆ? ಎರಡು ದೋಷಗಳು ಬೇರೆ ಬೇರೆ ಕಡೆ ಒಳಬಂದಿವೆ ಎಂಬುದರ ಸೂಚನೆ ಅದಾಗಿರಬಹುದು. ನನ್ನ ಸ್ಕ್ರಿಪ್ಟ್ ಆಗ 128 ಮರಳಿಸಿ ಇಡೀ ಓಟವನ್ನೇ ನಿಲ್ಲಿಸುತ್ತದೆ. ಅಂಥ ತೀರ್ಪನ್ನು ಕಣ್ಣಾರೆ ನೋಡಿ ಕೊಡಬೇಕು.

ಕಾನ್ಫಿಗ್ ವಿಷಯದಲ್ಲಿ ಬಹಳ ಮಂದಿ ಎಡವುತ್ತಾರೆ. ಹಿಂದಿನ ಹೆಜ್ಜೆಯ ಕಾನ್ಫಿಗ್ ಅನ್ನೇ ಮುಂದಿನದಕ್ಕೆ ಬಳಸಿದರೆ, ಹಳೆಯ ಕೋಡ್‌ಗೆ ಹೋದಾಗ ಅದಕ್ಕೆ ಗೊತ್ತಿಲ್ಲದ ಆಯ್ಕೆಗಳು ಉದುರಿಹೋಗುತ್ತವೆ. ಹೊಸದಕ್ಕೆ ಮರಳಿದಾಗ ಅವು ಪೂರ್ವನಿಯೋಜಿತ ಮೌಲ್ಯದೊಂದಿಗೆ ಬರುತ್ತವೆ. ಮೂಲ ಕಾನ್ಫಿಗ್‌ನ ಒಂದು ಪ್ರತಿಯನ್ನು ಬೇರೆ ಇಟ್ಟುಕೊಂಡು ಪ್ರತಿ ಹೆಜ್ಜೆಗೂ ಅದನ್ನೇ ನಕಲು ಮಾಡಿ, ಆಮೇಲೆ ‘ಮೇಕ್ ಓಲ್ಡ್‌ಡೆಫ್‌ಕಾನ್ಫಿಗ್’ ಓಡಿಸಿ.

ಇನ್ನೊಂದು, ನಾನು ನೋವಿನಿಂದ ಕಲಿತ ಪಾಠ. ಒಮ್ಮೆ ರಾತ್ರಿಯಿಡೀ ಓಡಿದ ಬೈಸೆಕ್ಟ್ ಬೆಳಗ್ಗೆ ಅರ್ಥವಿಲ್ಲದ ಕಮಿಟ್ ತೋರಿಸಿತು. ಲಾಗ್ ತಿರುವಿದಾಗ ಕೊನೆಯ ನಾಲ್ಕು ಹೆಜ್ಜೆಗಳೂ ‘ಫಾಸ್ಟ್’, ಅಂಕಿಗಳೂ ಒಂದೇ ತೆರನಾಗಿದ್ದವು. ಆ ನಾಲ್ಕು ಕರ್ನಲ್‌ಗಳು ಬೂಟ್ ಆಗಿರಲೇ ಇಲ್ಲ. ಯಂತ್ರ ಪ್ಯಾನಿಕ್ ಆಗಿ, ತಾನೇ ಮರುಬೂಟ್ ಆಗಿ, ಮಾಮೂಲಿ ಕರ್ನಲ್‌ಗೆ ಬಂದು ನಿಂತಿತ್ತು. ನನ್ನ ಸ್ಕ್ರಿಪ್ಟ್ ಅದನ್ನೇ ನಾಲ್ಕು ಸಲ ಅಳೆದಿತ್ತು. ಅಂದಿನಿಂದ ‘ಲೋಕಲ್‌ವರ್ಶನ್ ಆಟೊ’ ಆಯ್ಕೆಯನ್ನು ಆನ್ ಮಾಡಿಯೇ ಬಿಲ್ಡ್ ಮಾಡುತ್ತೇನೆ. ಆಗ ಕರ್ನಲ್ ಹೆಸರಿನ ಬಾಲದಲ್ಲಿ ಕಮಿಟ್ ಸಂಖ್ಯೆ ಸೇರುತ್ತದೆ. ‘ಯೂನೇಮ್’ ಕೊಡುವ ಹೆಸರು ನಾನು ಕಳುಹಿಸಿದ್ದಕ್ಕೆ ಹೊಂದದಿದ್ದರೆ ಅಳತೆಯೇ ನಡೆಯುವುದಿಲ್ಲ, ನೇರ 125.

ಕಮಿಟ್ ಸಿಕ್ಕ ಮೇಲೆ ಮೂರು ಕರ್ನಲ್‌ಗಳನ್ನು ಹೊಸದಾಗಿ ಅಳೆಯಿರಿ: ಆ ಕಮಿಟ್‌ನ ಹಿಂದಿನದು, ಆ ಕಮಿಟ್, ಮತ್ತು ಇಂದಿನ ಕೋಡ್‌ನಲ್ಲಿ ಆ ಕಮಿಟ್ ಒಂದನ್ನೇ ತೆಗೆದದ್ದು. ಮೊದಲನೆಯದೂ ಮೂರನೆಯದೂ ವೇಗವಾಗಿ, ನಡುವಿನದು ನಿಧಾನವಾಗಿ ಬರಬೇಕು. ಸಿಕ್ಕದ್ದು ಮರ್ಜ್ ಕಮಿಟ್ ಆದರೆ ಎರಡು ಕವಲುಗಳು ಬೇರೆಯಾಗಿದ್ದಾಗ ವೇಗವಾಗಿಯೇ ಇದ್ದು ಕೂಡಿದಾಗ ನಿಧಾನವಾಗಿವೆ. ಎರಡೂ ಕಡೆಯ ಬದಲಾವಣೆಗಳನ್ನು ಅಕ್ಕಪಕ್ಕ ಇಟ್ಟು ಓದಬೇಕಾಗುತ್ತದೆ.

ಸಿಕ್ಕದ್ದು ಕಮಿಟ್, ಕಾರಣ ಇನ್ನೂ ಮುಂದಿದೆ

ಬಹಳಷ್ಟು ಮಂದಿ ಇಲ್ಲಿಗೆ ನಿಲ್ಲಿಸಿ “ಇದನ್ನು ತೆಗೆದುಹಾಕಿ” ಎಂದು ಬರೆಯುತ್ತಾರೆ. ನಾನು ಒಪ್ಪುವುದಿಲ್ಲ. ಆ ಕಮಿಟ್ ಬರೆದವರಿಗೂ ಒಂದು ಉದ್ದೇಶವಿತ್ತು, ಅದು ಸರಿಯಾದದ್ದೇ ಆಗಿರಬಹುದು.

ವೇಗದ ಮತ್ತು ನಿಧಾನದ ಕರ್ನಲ್‌ಗಳೆರಡರಲ್ಲೂ, ಪರ್ಫ್ ಎಂಬ ಅಳತೆಯ ಉಪಕರಣದ ‘ಪರ್ಫ್ ಸ್ಟ್ಯಾಟ್’ ಓಡಿಸಿ. ಇನ್‌ಸ್ಟ್ರಕ್ಷನ್‌ಗಳ ಸಂಖ್ಯೆ ಏರಿದ್ದರೆ ಕರ್ನಲ್ ಹೆಚ್ಚು ಕೆಲಸ ಮಾಡುತ್ತಿದೆ, ಇಲ್ಲವೆ ಲಾಕ್‌ಗಾಗಿ ಸುತ್ತು ಹೊಡೆಯುತ್ತಿದೆ. ಇನ್‌ಸ್ಟ್ರಕ್ಷನ್ ಅಷ್ಟೇ ಇದ್ದು ಸೈಕಲ್‌ಗಳು ಏರಿದ್ದರೆ ಮೆಮೊರಿಗಾಗಿ, ಕ್ಯಾಶ್‌ಗಾಗಿ ಕಾಯುತ್ತಿದೆ. ಎರಡೂ ಅಷ್ಟೇ ಇದ್ದು ಗಡಿಯಾರದ ಸಮಯ ಮಾತ್ರ ಏರಿದ್ದರೆ ಎಲ್ಲೋ ನಿದ್ದೆ ಮಾಡುತ್ತಿದೆ. ಆಗ ‘ಪರ್ಫ್ ಸ್ಕೆಡ್’ ಕಡೆ ಹೋಗಿ. ಬಳಿಕ ‘ಪರ್ಫ್ ರೆಕಾರ್ಡ್’ ಮಾಡಿ ‘ಪರ್ಫ್ ಡಿಫ್’ನಿಂದ ಹೋಲಿಸಬಹುದು. ಆದರೆ ಅದು ತೋರಿಸುವುದು ಪಾಲುಗಳನ್ನು. ಒಂದು ಫಂಕ್ಷನ್ ಉಬ್ಬಿದರೆ ಉಳಿದೆಲ್ಲದರ ಪಾಲು ತಾನಾಗಿ ಕುಗ್ಗುತ್ತದೆ, ಅವೆಲ್ಲ ಸುಧಾರಿಸಿದಂತೆ ಕಾಣುತ್ತವೆ. ಪಾಲನ್ನು ಒಟ್ಟು ಸೈಕಲ್‌ಗಳಿಂದ ಗುಣಿಸಿ, ಮುಗಿದ ಕೆಲಸಗಳ ಸಂಖ್ಯೆಯಿಂದ ಭಾಗಿಸಿ, ಒಂದು ಕೆಲಸಕ್ಕೆ ಎಷ್ಟು ಸೈಕಲ್ ಎಂದು ನೋಡಿದರೆ ನಿಜ ಕಾಣುತ್ತದೆ.

ಒಂದು ನಿಜವಾದ ಪ್ರಕರಣವನ್ನು ಹತ್ತಿರದಿಂದ ನೋಡೋಣ. 5.11ನೇ ಕರ್ನಲ್‌ಗೆ ಒಂದು ತಿದ್ದುಪಡಿ ಸೇರಿತು. ಪ್ರಕ್ರಿಯೆಯೊಂದು ಫೋರ್ಕ್ ಆಗುತ್ತಿರುವಾಗಲೇ (ತನ್ನದೇ ನಕಲು ಹುಟ್ಟಿಸುತ್ತಿರುವಾಗಲೇ) ಬೇರೆ ದಾರಿಯಿಂದ ಅದರ ಪುಟಗಳನ್ನು ಹಿಡಿದುಕೊಳ್ಳುವ ಪೈಪೋಟಿಯನ್ನು ತಪ್ಪಿಸಲು ಪ್ರಕ್ರಿಯೆಯ ಮೆಮೊರಿ ವಿವರ ಇಡುವ ‘ಎಂಎಂ ಸ್ಟ್ರಕ್ಟ್’ ಎಂಬ ರಚನೆಯಲ್ಲಿ ಒಂದು ಪುಟ್ಟ ಎಣಿಕೆಯ ಅಂಶವನ್ನು ಸೇರಿಸಲಾಯಿತು. ಕರ್ನಲ್ ಬದಲಾವಣೆಗಳನ್ನು ತಾನಾಗಿ ಪರೀಕ್ಷಿಸುವ ಇಂಟೆಲ್‌ನ ಪರೀಕ್ಷಾ ರೋಬೋಟ್ ವಿಲ್-ಇಟ್-ಸ್ಕೇಲ್‌ನ ಎಂಮ್ಯಾಪ್1 ಪರೀಕ್ಷೆಯಲ್ಲಿ ಶೇ. 9.2ರಷ್ಟು ನಷ್ಟ ವರದಿ ಮಾಡಿತು. ಆ ಪರೀಕ್ಷೆ ಹೊಸ ಅಂಶವನ್ನು ಮುಟ್ಟುವುದೇ ಇಲ್ಲ! ಕಮಿಟ್‌ನ ಕೋಡ್ ಅನ್ನು ಎಷ್ಟು ಸಲ ಓದಿದರೂ ಕಾರಣ ಸಿಗದು.

ಕಾರಣ ಇದ್ದದ್ದು ಜಾಗದಲ್ಲಿ. ಸಿಪಿಯು ಮೆಮೊರಿಯಿಂದ ಒಮ್ಮೆಗೆ ಕ್ಯಾಶ್‌ಗೆ ತರುವ ತುಂಡು, ಅಂದರೆ ಕ್ಯಾಶ್ ಲೈನ್, 64 ಬೈಟ್. ಮೊದಲು, ಥ್ರೆಡ್‌ಗಳು ಸರದಿಯಂತೆ ಪಡೆಯುವ ‘ಎಂಮ್ಯಾಪ್ ಲಾಕ್’ ಆ ರಚನೆಯಲ್ಲಿ 120ನೇ ಬೈಟ್‌ನಿಂದ ಶುರುವಾಗುತ್ತಿತ್ತು. ಲಾಕ್‌ನ ಮೊದಲ 8 ಬೈಟ್, ಅಂದರೆ ಅದರ ಎಣಿಕೆ, ಒಂದು ಕ್ಯಾಶ್ ಲೈನ್‌ನ ಕೊನೆಯಲ್ಲಿ. ಲಾಕ್‌ನ ಒಡೆಯ ಯಾರು ಎಂಬ ಮುಂದಿನ ಭಾಗ 128ರಿಂದ, ಮುಂದಿನ ಲೈನ್‌ನಲ್ಲಿ. ಹೊಸದಾಗಿ ಬರುವ ಥ್ರೆಡ್‌ಗಳು ಮೊದಲ ಲೈನ್ ಮುಟ್ಟಿ ಲಾಕ್ ಕೇಳುತ್ತಿದ್ದವು, ಆಗಲೇ ಕಾಯುತ್ತಿದ್ದವು ಎರಡನೆಯ ಲೈನ್ ನೋಡುತ್ತಿದ್ದವು. ಬಾಗಿಲಲ್ಲಿ ನಿಂತವರಿಗೂ ಒಳಗೆ ಸರದಿಯಲ್ಲಿ ಕುಳಿತವರಿಗೂ ಬೇರೆ ಬೇರೆ ಜಾಗವಿದ್ದಂತೆ. ಹೊಸ ಅಂಶ ಸೇರಿ ಲಾಕ್ 128ಕ್ಕೆ ಜರುಗಿತು, ಎರಡೂ ಭಾಗ ಒಂದೇ ಲೈನ್‌ಗೆ ಬಂದವು, ಎಲ್ಲ ಕೋರ್‌ಗಳೂ ಅದೊಂದನ್ನೇ ಎಳೆದಾಡತೊಡಗಿದವು. ಹಳೆಯ ಜೋಡಣೆ ಅಷ್ಟು ಚೆನ್ನಾಗಿದ್ದುದು ಏಕೆ ಎಂಬುದನ್ನು ವಿವರಿಸಿದವರು ಲಿನಕ್ಸ್‌ನ ಜನಕ ಲಿನಸ್ ಟೊರ್ವಾಲ್ಡ್ಸ್. 2021ರಲ್ಲಿ ಬಂದ ಪರಿಹಾರ ಆ ಪುಟ್ಟ ಅಂಶವನ್ನು ರಚನೆಯಲ್ಲಿ ಬೇರೆ ಕಡೆಗೆ ಸರಿಸಿದ್ದು, ಅಷ್ಟೇ. ಕಮಿಟ್ ಅನ್ನೇ ತೆಗೆದಿದ್ದರೆ ಆ ಪೈಪೋಟಿಯ ದೋಷ ಮರಳಿ ಬರುತ್ತಿತ್ತು.

ಇಂಥದನ್ನು ಹಿಡಿಯಲು ಎರಡು ಉಪಕರಣಗಳಿವೆ. ‘ಪರ್ಫ್ ಸಿ2ಸಿ’ ಯಾವ ಕ್ಯಾಶ್ ಲೈನ್ ಕೋರ್‌ನಿಂದ ಕೋರ್‌ಗೆ ಅಲೆಯುತ್ತಿದೆ, ಅದರ ಯಾವ ಬೈಟ್‌ಗಳನ್ನು ಯಾವ ಫಂಕ್ಷನ್ ಮುಟ್ಟುತ್ತಿದೆ ಎಂದು ತೋರಿಸುತ್ತದೆ. ‘ಪಾಹೋಲ್’ ರಚನೆಯ ಪ್ರತಿ ಅಂಶ ಎಷ್ಟನೇ ಬೈಟ್‌ನಲ್ಲಿದೆ, ಕ್ಯಾಶ್ ಲೈನ್ ಎಲ್ಲಿ ಒಡೆಯುತ್ತದೆ ಎಂದು ಬರೆದು ತೋರಿಸುತ್ತದೆ. ಎರಡೂ ಕರ್ನಲ್‌ಗಳ ಪಾಹೋಲ್ ಬರಹವನ್ನು ಡಿಫ್ ಮಾಡಿದರೆ 120 ಹೋಗಿ 128 ಬಂದದ್ದು ಕಣ್ಣಿಗೆ ಬೀಳುತ್ತದೆ. ರಚನೆ ಬದಲಾಗದೆ ಫಂಕ್ಷನ್‌ಗಳ ಜಾಗ ಬದಲಾಗಿದೆ ಎಂಬ ಅನುಮಾನವಿದ್ದರೆ, ಎಲ್ಲ ಫಂಕ್ಷನ್‌ಗಳನ್ನೂ 64 ಬೈಟ್ ಗಡಿಯಿಂದ ಆರಂಭಿಸುವ ಡೀಬಗ್ ಆಯ್ಕೆ ಕರ್ನಲ್‌ನಲ್ಲೇ ಇದೆ. ಅದನ್ನು ಹಾಕಿದಾಗ ಅಂತರ ಕರಗಿದರೆ ನಷ್ಟ ಬರೀ ಜೋಡಣೆಯದು.

6.7ನೇ ಕರ್ನಲ್‌ನ ಒಂದು ಕಮಿಟ್‌ನದೂ ಇದೇ ಬಗೆ. 2 ಎಂಬಿ ದೊಡ್ಡ ಪುಟಗಳ ಲಾಭ ಸಿಗಲೆಂದು, ಅಷ್ಟು ಅಥವಾ ಅದಕ್ಕಿಂತ ದೊಡ್ಡ ಅನಾಮಿಕ (ಯಾವ ಫೈಲ್‌ಗೂ ಸೇರದ) ಮೆಮೊರಿ ಮ್ಯಾಪಿಂಗ್‌ಗಳನ್ನೆಲ್ಲ 2 ಎಂಬಿ ಗಡಿಗೆ ಹೊಂದಿಸಲಾಯಿತು. ಆದರೆ ಸಿಪಿಯು ವೇಗ ಅಳೆಯುವ ಸ್ಪೆಕ್ ಬೆಂಚ್‌ಮಾರ್ಕ್‌ಗಳಲ್ಲಿ ಒಂದಾದ ಕ್ಯಾಕ್ಟಸ್ ಕೇಳುತ್ತಿದ್ದುದು 4632 ಕೆಬಿ ತುಂಡುಗಳನ್ನು. ಮೊದಲು ಅವು ಒಂದಕ್ಕೊಂದು ಅಂಟಿ ಒಂದೇ ದೊಡ್ಡ ಪ್ರದೇಶವಾಗುತ್ತಿದ್ದವು. ಈಗ ಪ್ರತಿಯೊಂದರ ನಡುವೆ 1512 ಕೆಬಿ ಬಿರುಕು. ಎಲ್ಲ ತುಂಡುಗಳೂ ಒಂದೇ ಬಗೆಯ ವಿಳಾಸದಿಂದ ಆರಂಭವಾಗಿ ಕ್ಯಾಶ್‌ನಲ್ಲಿ, ವಿಳಾಸಗಳ ಅನುವಾದ ನೆನಪಿಡುವ ಟಿಎಲ್‌ಬಿಯಲ್ಲಿ ಒಂದೇ ಜಾಗಕ್ಕೆ ಬೀಳತೊಡಗಿದವು. ಕೆಲವು ಯಂತ್ರಗಳಲ್ಲಿ ಶೇ. 600ರವರೆಗೆ ನಿಧಾನ. 6.12ರ ಪರಿಹಾರ ಆ ಹೊಂದಾಣಿಕೆಯನ್ನು ಉಳಿಸಿಕೊಂಡು, ಗಾತ್ರ 2 ಎಂಬಿಯ ಪೂರ್ಣ ಗುಣಕವಾಗಿದ್ದರೆ ಮಾತ್ರ ಎಂಬ ಷರತ್ತು ಸೇರಿಸಿತು. ಪರೀಕ್ಷಾ ರೋಬೋಟ್ ಆಗ ಮ್ಯಾಲಕ್1 ಪರೀಕ್ಷೆಯಲ್ಲಿ ಶೇ. 3888.9ರಷ್ಟು ಸುಧಾರಣೆ ಎಂದು ವರದಿ ಮಾಡಿತು. 4632 ಎಂಬ ಸಂಖ್ಯೆಯನ್ನು ಗಮನಿಸಿದ ಕಣ್ಣಿನಿಂದ ಆದದ್ದು ಅದು.

ವರದಿ

ಕಮಿಟ್ ಬರೆದವರಿಗೆ, ಆ ವಿಭಾಗದ ಪಾಲಕರಿಗೆ, ಕರ್ನಲ್‌ನ ರಿಗ್ರೆಶನ್ ಪಟ್ಟಿಗೆ ಒಟ್ಟಿಗೆ ಬರೆಯಿರಿ. ಯಾವ ಯಂತ್ರ, ಎಷ್ಟು ಕೋರ್, ಯಾವ ಕಂಪೈಲರ್, ಕಾನ್ಫಿಗ್, ಪರೀಕ್ಷೆಯ ಆಜ್ಞೆ, ಬೈಸೆಕ್ಟ್ ಲಾಗ್, ಮೂರು ಕರ್ನಲ್‌ಗಳ ಅಳತೆ, ಎಷ್ಟು ಬೂಟ್, ಖಾಲಿ ತಕ್ಕಡಿಯ ಏರಿಳಿತ ಎಷ್ಟು: ಇಷ್ಟೂ ಇರಲಿ. ಸರಾಸರಿಯೊಂದನ್ನೇ ಕೊಡಬೇಡಿ, ಪ್ರತಿ ಬೂಟ್‌ನ ಅಂಕಿಯನ್ನೂ ಕೊಡಿ. ಕಾರಣ ತಿಳಿದಿದ್ದರೆ ವಿವರಿಸಿ. ಊಹೆ ಮಾತ್ರವಾದರೆ ಊಹೆ ಎಂದೇ ಬರೆಯಿರಿ. ಕೆಲವು ದಿನಗಳಲ್ಲಿ ಒಂದು ಪ್ಯಾಚ್ ಮರಳಿ ಬಂದರೆ, ಅದೇ ಯಂತ್ರವನ್ನು ಅದೇ ಐದು ಬೂಟ್‌ಗಳಿಗೆ ಮತ್ತೆ ಹಚ್ಚಿ, ಅಂಕಿಗಳ ಕೆಳಗೆ ‘ಟೆಸ್ಟೆಡ್-ಬೈ’ ಸಾಲಿನಲ್ಲಿ ನಿಮ್ಮ ಹೆಸರು ಬರೆದು ಕಳುಹಿಸಿ.